ಆರು ಕೀಲಿಕೈ ಇದ್ದರೂ ತಿಜೋರಿ ಖಾಲಿ!

ವಜೀರ್‌ಎಕ್ಸ್ ಎಂಬ ಕ್ರಿಪ್ಟೋ ಕಂಪನಿಯ ತಿಜೋರಿಗೆ ಒಂದಲ್ಲ, ಎರಡಲ್ಲ, ಆರು ಕೀಲಿಕೈ! ಐದು ಕಂಪನಿಯವರ ಹತ್ತಿರ, ಒಂದು ಲಿಮಿನಲ್ ಎಂಬ ಕಾವಲು ಸಂಸ್ಥೆಯ ಹತ್ತಿರ. ಕಂಪನಿಯ ಮೂವರು, ಕಾವಲಿನವರೊಬ್ಬರು ಸಹಿ ಹಾಕದೆ ಬಿಡಿಗಾಸೂ ಹೊರಹೋಗುವಂತಿರಲಿಲ್ಲ. ಆದರೂ 2024ರ ಜುಲೈ 18ರಂದು ಸುಮಾರು 23 ಕೋಟಿ ಡಾಲರ್ ಗುಳುಂ! ದುಡಿದು ಉಳಿಸಿದ್ದನ್ನು ಅಲ್ಲಿಟ್ಟ ಗ್ರಾಹಕರ ಕ್ರಿಪ್ಟೋ ಒಂದು ವರ್ಷಕ್ಕೂ ಮೇಲ್ಪಟ್ಟು ಒಳಗೇ ಸಿಕ್ಕಿಕೊಂಡಿತು.

ಹಾಗಾದರೆ ಈ ಬಹುಸಹಿ ಪದ್ಧತಿಯೇ ಬೋಗಸ್ಸಾ? ಅಲ್ಲ.

ಕ್ರಿಪ್ಟೋ ವ್ಯಾಲೆಟ್ಟಿನಲ್ಲಿ ನಾಣ್ಯ ಇರುವುದಿಲ್ಲ; ಇರುವುದು ಗುಪ್ತ ಕೀಲಿ. ಕೀಲಿ ಯಾರ ಕೈಲಿದೆಯೋ ದುಡ್ಡು ಅವರದ್ದು. ಕಂಪ್ಯೂಟರಿಗೆ ಕಳ್ಳ ಸಾಫ್ಟ್‌ವೇರ್ ನುಗ್ಗಿತೋ, ಕೀಲಿ ಕದ್ದು ಕ್ಷಣದಲ್ಲಿ ಎಲ್ಲ ಗುಡಿಸಿ ಹಾಕುತ್ತದೆ. ಇನ್ನು ಕೆಲವು, ಕಾಪಿ ಮಾಡಿದ ವಿಳಾಸವನ್ನೇ ಬದಲಿಸಿ ಕಳ್ಳನ ವಿಳಾಸ ಅಂಟಿಸುತ್ತವೆ. ಹೋದದ್ದು ವಾಪಸ್ ಬರೋದಿಲ್ಲ. ಬ್ಯಾಂಕ್ ಠೇವಣಿಗಾದರೆ 5 ಲಕ್ಷದವರೆಗೆ ವಿಮೆಯುಂಟು. ಇದಕ್ಕೆ ಅದೂ ಇಲ್ಲ.

ಇದಕ್ಕೇ ಬಂದದ್ದು ಬಹುಸಹಿ. ಸಹಕಾರ ಸಂಘದ ಚೆಕ್ಕಿಗೆ ಅಧ್ಯಕ್ಷರದ್ದೂ ಕಾರ್ಯದರ್ಶಿಯದ್ದೂ ಸಹಿ ಬೀಳಬೇಕಲ್ಲ, ಹಾಗೇ. ಮೂರು ಕೀಲಿಯಲ್ಲಿ ಎರಡರ ಸಹಿ ಬಿದ್ದರೆ ಮಾತ್ರ ಹಣ ಹೊರಡುತ್ತದೆ. ಒಂದನ್ನು ವೈರಸ್ ಕದ್ದರೂ ಕಳ್ಳನ ಕೈ ಖಾಲಿ. ಒಂದು ಕಳೆದುಹೋದರೂ ಮಾಲೀಕ ಬಚಾವ್. ಆದರೆ ಮೂರನ್ನೂ ಒಂದೇ ಕಂಪ್ಯೂಟರಿನಲ್ಲಿ ಇಟ್ಟರೆ, ಮೂರು ಬೀಗ ಹಾಕಿ ಕೀಲಿಗಳನ್ನೆಲ್ಲ ಒಂದೇ ಮೊಳೆಗೆ ನೇತುಹಾಕಿದ ಹಾಗೆ!

ಮತ್ತೆ ವಜೀರ್‌ಎಕ್ಸ್‌ನಲ್ಲಿ ಆದದ್ದೇನು? ಪರದೆಯ ಮೇಲೆ ಕಂಡದ್ದೊಂದು, ಸಹಿ ಬಿದ್ದದ್ದು ಇನ್ನೊಂದಕ್ಕೆ ಎಂದಿತು ಕಂಪನಿ. ಲಿಮಿನಲ್‌ನವರು ತಪ್ಪು ತಮ್ಮದಲ್ಲ ಎಂದರು. 2025ರ ಫೆಬ್ರವರಿ 21ರಂದು ದುಬೈನ ಬೈಬಿಟ್ ಕಂಪನಿಗೂ ಇದೇ ಗತಿ: ಸುಮಾರು 150 ಕೋಟಿ ಡಾಲರ್ ಮೌಲ್ಯದ ಈಥರ್ ಮಂಗಮಾಯ! ಸಹಿ ಹಾಕುವ ವೆಬ್‌ಸೈಟಿನೊಳಗೇ ಕಳ್ಳರು ಕೋಡ್ ತುರುಕಿದ್ದರು. ಇದು ಉತ್ತರ ಕೊರಿಯಾದವರ ಕೈವಾಡ ಎಂದು ಅಮೆರಿಕದ ಎಫ್‌ಬಿಐ ಹೇಳಿತು.

ಎರಡೂ ಕಡೆ ಕಳ್ಳರು ಬೀಗ ಒಡೆಯಲಿಲ್ಲ. ಸಹಿ ಹಾಕುವವರ ಕಣ್ಣು ಕಟ್ಟಿದರು, ಅಷ್ಟೆ.

ಆದ್ದರಿಂದ ಕೀಲಿಗಳು ಬೇರೆ ಬೇರೆ ಯಂತ್ರದಲ್ಲಿ, ಬೇರೆ ಬೇರೆ ಜಾಗದಲ್ಲಿರಲಿ. ಒಂದಾದರೂ ಇಂಟರ್‌ನೆಟ್ಟಿನಿಂದ ದೂರವಿರುವ ಹಾರ್ಡ್‌ವೇರ್ ವ್ಯಾಲೆಟ್ಟಿನಲ್ಲಿರಲಿ. ಸಹಿಗೆ ಮುಂಚೆ ಮೊತ್ತ, ವಿಳಾಸಗಳನ್ನು ಆ ಯಂತ್ರದ ಸ್ವಂತ ಪರದೆಯಲ್ಲೇ ಅಕ್ಷರ ಅಕ್ಷರ ಓದಬೇಕು. ಅರ್ಥವಾಗದಿದ್ದರೆ ಸಹಿ ಬೇಡ. ಕಾರ್ಯದರ್ಶಿ ತಂದಿಟ್ಟ ಖಾಲಿ ಚೆಕ್ಕಿಗೆಲ್ಲ ಸಹಿ ಗೀಚುವ ಅಧ್ಯಕ್ಷರಿದ್ದರೆ ಸಂಘ ಉದ್ಧಾರವಾದೀತೇ?