ಬಸುರಿ ಭೂಮಿಗೆ ಬಯಕೆಯೂಟ

ಬಸುರಿ ಮಗಳಿಗೆ ಮಡಿಲು ತುಂಬಿ, ಅವಳು ಬಯಸಿದ್ದನ್ನು ಮಾಡಿ ಉಣಿಸುವುದು ಕನ್ನಡ ನಾಡಿನ ಹಳೆಯ ರೂಢಿ. ಒಕ್ಕಲು ಮನೆತನಗಳು ಈ ಉಪಚಾರವನ್ನು ಹೊಲಗದ್ದೆಗಳಿಗೂ ಸಲ್ಲಿಸುತ್ತವೆ. ಆಶ್ವಯುಜ ಮಾಸದ ಹುಣ್ಣಿಮೆಯ ಹೊತ್ತಿಗೆ ಬತ್ತ ಹೊಡೆ ತುಂಬಿ ನಿಂತಿರುತ್ತದೆ. ಆಗ ಭೂಮಿತಾಯಿಗೆ ಸೀಮಂತ. ಮಲೆನಾಡಿನ ಸೆರಗಿನಲ್ಲಿ ಇದು ಭೂಮಿ ಹುಣ್ಣಿಮೆ. ಬಯಲುಸೀಮೆಯಲ್ಲಿ ಸೀಗೆ ಹುಣ್ಣಿಮೆ.

ವಾಲ್ಮೀಕಿ ಜಯಂತಿಯೂ ಅದೇ ದಿನ ಬರುವುದರಿಂದ ಸರ್ಕಾರಿ ರಜೆ ಉಂಟು. 2023ರಲ್ಲಿ ಈ ಹುಣ್ಣಿಮೆ ಅಕ್ಟೋಬರ್ 28ರ ಶನಿವಾರ ಬಂದಿತ್ತು. ಭಾನುವಾರವೂ ಕೂಡಿಕೊಂಡರೆ ಬೆಂಗಳೂರು ಸೇರಿದ ಮಕ್ಕಳು, ಮದುವೆಯಾಗಿ ಹೋದ ಹೆಣ್ಣುಮಕ್ಕಳು ಊರಿಗೆ ಬರಲು ಅನುಕೂಲ. ಹುಣ್ಣಿಮೆಯ ಹಿಂದಿನ ರಾತ್ರಿ ಒಲೆ ಆರುವುದಿಲ್ಲ. ಮನೆಯ ಹೆಂಗಸರಿಗೆ ನಿದ್ದೆಯೂ ಇಲ್ಲ. ಸೊಪ್ಪು ಸೋಸುವವರು, ಕಡುಬು ಕಟ್ಟುವವರು, ರೊಟ್ಟಿ ಬಡಿಯುವವರು ಹೀಗೆ ಕೆಲಸ ಹಂಚಿಕೊಂಡರೂ ಬೆಳಗಿನ ಜಾವದವರೆಗೆ ಅಡುಗೆ ನಡೆಯುತ್ತದೆ.

ಒಂದೇ ಜಿಲ್ಲೆಯಾದರೂ ದಾವಣಗೆರೆಯ ಎಡೆ ಒಂದೇ ಬಗೆಯದಲ್ಲ. 1997ರಲ್ಲಿ ಈ ಜಿಲ್ಲೆ ಹುಟ್ಟಿದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದವು. ನ್ಯಾಮತಿ ಮುಂದೆ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾಯಿತು. ಶಿವಮೊಗ್ಗದ ಮಗ್ಗುಲಿನ ಬತ್ತದ ಸೀಮೆಯಲ್ಲಿ ಅಕ್ಕಿಯ ಕಡುಬು, ಬೆರಕೆ ಸೊಪ್ಪಿನ ಪಲ್ಯ, ಮೊಸರನ್ನ, ಚಿತ್ರಾನ್ನಗಳಿಗೆ ಅಗ್ರಸ್ಥಾನ. ಜಗಳೂರಿನಂಥ ಮಳೆಯಾಶ್ರಯದ ಬಯಲಿನ ಕಡೆ ಜೋಳದ ರೊಟ್ಟಿ, ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿಗಳಿಲ್ಲದೆ ಬುತ್ತಿ ಕಟ್ಟುವಂತಿಲ್ಲ. ಹೋಳಿಗೆ ಮಾತ್ರ ಎರಡೂ ಕಡೆಗೆ ಬೇಕು.

ಬುಟ್ಟಿ ಹೊತ್ತು ಹೊಲಕ್ಕೆ ಹೋದವರು ಪೈರಿಗೆ ಅರಿಸಿನ ಕುಂಕುಮವಿಟ್ಟು ಪೂಜಿಸುತ್ತಾರೆ. ಬಯಲು ಸೀಮೆಯಲ್ಲಿ ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಕರೆಯುವುದುಂಟು. ಕಲಸಿದ ಅನ್ನ, ಸೊಪ್ಪುಗಳನ್ನು ಕೂಗು ಹಾಕುತ್ತಾ ಹೊಲದ ತುಂಬ ಎರಚಿ ಬರುವುದೇ ಚರಗ ಚೆಲ್ಲುವುದು. ಅದಾದ ಮೇಲೆ ಬದುವಿನ ಮೇಲೆ ಊಟ. ಪಕ್ಕದ ಹೊಲದವರನ್ನು ಕರೆಯದೆ ಉಣ್ಣುವುದು ಮರ್ಯಾದೆಯಲ್ಲ.

ಎಡೆಯಲ್ಲಿ ಇಷ್ಟೊಂದು ಬಗೆ ಏಕೆ? ಹಿಂದೆ ರಾಗಿ, ಜೋಳದ ಹೊಲದಲ್ಲಿ ಅಕ್ಕಡಿ ಸಾಲು ಹಿಡಿದು ತೊಗರಿ, ಅವರೆ, ಅಲಸಂದೆ, ಹುಚ್ಚೆಳ್ಳು ಬಿತ್ತುತ್ತಿದ್ದರು. ಬದುವಿನಲ್ಲಿ ಕುಂಬಳ, ಹೀರೆ ಹಬ್ಬುತ್ತಿದ್ದವು. ಅಣ್ಣೆ, ಹೊನಗೊನ್ನೆ, ಗೋಳಿ ಸೊಪ್ಪುಗಳು ಬಿತ್ತದೆಯೇ ಹುಟ್ಟುತ್ತಿದ್ದವು. ಭೂಮಿ ಕೊಟ್ಟದ್ದನ್ನೆಲ್ಲ ಒಮ್ಮೆ ಬೇಯಿಸಿ ಭೂಮಿಗೇ ಉಣಿಸುವುದು ಈ ಹಬ್ಬದ ಮರ್ಮ. ಬುಟ್ಟಿಯಲ್ಲಿದ್ದದ್ದು ಹೊಲದ ಲೆಕ್ಕವೇ. ಆ ಲೆಕ್ಕ ತಲೆಯಲ್ಲಿದ್ದದ್ದು ಅಡುಗೆ ಮಾಡುವ ಹೆಂಗಸರಿಗೆ. ಯಾವ ಸೊಪ್ಪು ಎಳೆಯದು, ಯಾವ ಬೀಜ ಮುಂದಿನ ವರ್ಷಕ್ಕೆ ಉಳಿಯಬೇಕು ಎಂಬುದು ಅವರಿಗೇ ಗೊತ್ತು.

ಈಗ ಹೊಲದ ಲೆಕ್ಕ ಬೇರೆ. ಭದ್ರಾ ನಾಲೆಯ ನೀರು, ಕೊಳವೆಬಾವಿಗಳ ಬಲದಿಂದ ಚನ್ನಗಿರಿಯ ಬಹು ಭಾಗ ಅಡಿಕೆ ತೋಟವಾಗಿದೆ. ಮಳೆಯ ಹೊಲಗಳನ್ನು ಮೆಕ್ಕೆಜೋಳ ಆವರಿಸಿದೆ. ಕೋಳಿ ಆಹಾರದ, ಪಿಷ್ಟದ ಕಾರ್ಖಾನೆಗಳಿಗೆ ಹೋಗುವ ಆ ಬೆಳೆಯಿಂದ ಕೈಗೆ ಕಾಸು ಬರುತ್ತದೆ. ಅದನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಜೂನಿನಲ್ಲಿ ಬಿತ್ತಿದ ಮೆಕ್ಕೆಜೋಳ ಹುಣ್ಣಿಮೆಯ ಹೊತ್ತಿಗೆ ಒಣಗಿ ಮುರಿಯಲು ಬಂದಿರುತ್ತದೆ. ಹೆರಿಗೆಯ ಕಾಲದಲ್ಲಿ ಸೀಮಂತ ಮಾಡಿದಂತೆ! ಕಳೆನಾಶಕ ಹೊಡೆದಲ್ಲಿ ಬೆರಕೆ ಸೊಪ್ಪೂ ಏಳುವುದಿಲ್ಲ. ಸೊಪ್ಪು, ಅವರೆಕಾಯಿ, ಕುಂಬಳ ಸಂತೆಯಿಂದ ಬರುತ್ತವೆ.

ಹೀಗಾದರೂ ಹಬ್ಬ ನಿಂತಿಲ್ಲ. ಬುಟ್ಟಿ ಟ್ರ್ಯಾಕ್ಟರಿನಲ್ಲಿ, ಬೈಕಿನಲ್ಲಿ ಹೋದರೂ ಹೊಲ ಮುಟ್ಟುತ್ತದೆ. ಭಕ್ತಿಗೆ ಕುಂದು ಬಂದಿಲ್ಲ. ಕುಂದುತ್ತಿರುವುದು ಸೊಪ್ಪಿನ ಗುರುತು, ಬೀಜದ ಜ್ಞಾನ. ಅವನ್ನು ಸಂತೆಯಲ್ಲಿ ಕೊಳ್ಳಲಾಗದು. ಹಬ್ಬದ ರಾತ್ರಿ ಅಜ್ಜಿಯ ಪಕ್ಕ ಕುಳಿತು ಸೊಪ್ಪು ಸೋಸುವ ಮೊಮ್ಮಕ್ಕಳು, ಅವರು ಹುಡುಗರಾದರೂ ಸರಿಯೆ, ಒಂದೊಂದರ ಹೆಸರು ಕೇಳಿ ತಿಳಿದುಕೊಂಡರೆ, ಬದುವಿನಂಚಿಗಾದರೂ ನಾಲ್ಕು ಸಾಲು ಅವರೆ ಬಿತ್ತಿದರೆ, ಭೂಮಿಯ ಬಯಕೆ ಅಷ್ಟರ ಮಟ್ಟಿಗೆ ತೀರೀತು.