ನೋವಿಗೂ ಬಿಸಿಗೂ ಒಂದೇ ಉರಿ

ಒಲೆಯಲ್ಲಿ ಬೆಂಕಿ ಉರಿಯುತ್ತದೆ, ಉಪ್ಪು ಬಿದ್ದ ಗಾಯ ಉರಿಯುತ್ತದೆ, ಹಸಿಮೆಣಸು ಕಚ್ಚಿದ ನಾಲಿಗೆಯೂ ಉರಿಯುತ್ತದೆ. ಕನ್ನಡ ಈ ಮೂರನ್ನೂ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತದೆ. ನರಗಳ ಲೆಕ್ಕವೂ ಹಾಗೇ ಇದೆಯೆಂದು ತಿಳಿದದ್ದು 1997ರಲ್ಲಿ. ಮೆಣಸಿನ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ನರದ ತುದಿಯಲ್ಲಿ ಯಾವ ಬಾಗಿಲು ತಟ್ಟುತ್ತದೆ ಎಂದು ಹುಡುಕುತ್ತಿದ್ದ ಅಮೆರಿಕದ ಡೇವಿಡ್ ಜೂಲಿಯಸ್ ಅವರ ತಂಡಕ್ಕೆ ಟಿಆರ್‌ಪಿವಿ1 ಎಂಬ ಪ್ರೋಟೀನ್ ಸಿಕ್ಕಿತು. ಸುಮಾರು 43 ಡಿಗ್ರಿ ಸೆಲ್ಸಿಯಸ್ ಬಿಸಿ ತಾಗಿದರೂ ತೆರೆಯುವುದು ಇದೇ ಬಾಗಿಲು. ಚರ್ಮಕ್ಕೆ ಬಿಸಿ ನೋವಾಗತೊಡಗುವುದೂ ಹೆಚ್ಚುಕಡಿಮೆ ಅಲ್ಲೇ. ಜೂಲಿಯಸ್ ಅವರಿಗೆ 2021ರ ನೊಬೆಲ್ ಪಾಲು ತಂದುಕೊಟ್ಟ ಈ ಶೋಧದಿಂದ ಒಂದು ಮಾತು ಹೊರಡುತ್ತದೆ: ನೋವನ್ನು ನೋಟ, ಶ್ರವಣಗಳ ಸಾಲಿಗಿಂತ ಹಸಿವು, ಬಾಯಾರಿಕೆ, ಸೆಕೆ, ಚಳಿಗಳ ಸಾಲಿನಲ್ಲಿಟ್ಟು ನೋಡುವುದೇ ಸರಿ. ಅದು ಮೈ ತನ್ನ ಕ್ಷೇಮದ ಬಗ್ಗೆ ಮಿದುಳಿಗೆ ಕಳಿಸುವ ವರದಿ.

ಈ ವರದಿ ಸಾಗುವ ದಾರಿಯೇ ಇದಕ್ಕೆ ಸಾಕ್ಷಿ. ಬೆನ್ನುಹುರಿಯ ನಡುವೆ ಪೊಳ್ಳು ಬೆಳೆಯುವ ಸಿರಿಂಗೋಮೈಲಿಯಾ ಕಾಯಿಲೆಯಲ್ಲಿ, ಹತ್ತಿ ಸವರಿದ್ದನ್ನು ಗುರುತಿಸುವ ಕೈಗೆ ಸೂಜಿ ಚುಚ್ಚಿದ್ದಾಗಲಿ ಕಾದ ಪಾತ್ರೆ ಸುಟ್ಟದ್ದಾಗಲಿ ತಿಳಿಯದೇ ಹೋಗಬಹುದು. ಸ್ಪರ್ಶದ ಹಾದಿ ಬೇರೆ. ನೋವು ಮತ್ತು ಬಿಸಿ-ತಂಪಿನ ಹಾದಿ ಒಟ್ಟಿಗೇ ಸಾಗುವುದರಿಂದ ಒಟ್ಟಿಗೇ ಕಡಿಯುತ್ತದೆ. ಮಿದುಳಿನ ಕಾಂಡದಲ್ಲಿರುವ ಪ್ಯಾರಾಬ್ರೇಕಿಯಲ್ ಎಂಬ ನರಗಂಟು ಈ ಎರಡೂ ಸುದ್ದಿಗಳನ್ನು ಪಡೆದು, ಮೈಬಿಸಿಯ ಹತೋಟಿ ಹಿಡಿದಿರುವ ಹೈಪೊಥಲಾಮಸ್‌ಗೆ ಮುಟ್ಟಿಸುತ್ತದೆ. ತಟ್ಟನೆ ಎದ್ದ ನೋವಿಗೆ ಬೆರಳು ತಣ್ಣಗಾಗುವುದು, ಹಣೆಯಲ್ಲಿ ತಣ್ಣನೆಯ ಬೆವರೊಡೆಯುವುದು ನಮಗೆ ಗೊತ್ತಿರುವುದೇ.

ಬೆರಳು ತಣ್ಣಗಾಗಲು ನೋವೇ ಬೇಕಿಲ್ಲ, ಹೆದರಿಕೆ ಸಾಕಲ್ಲ ಎಂದು ಯಾರಾದರೂ ಕೇಳಬಹುದು. ಒಪ್ಪಬೇಕಾದ ಮಾತು, ಆ ಒಂದು ಲಕ್ಷಣದ ಮೇಲೆ ವಾದ ನಿಲ್ಲದು. ಚರ್ಮದಲ್ಲಿ ಬಾಗಿಲು ಒಂದೇ ಆದ ಮಾತ್ರಕ್ಕೆ ಮಿದುಳು ಎರಡನ್ನೂ ಬೆಸೆದಿದೆ ಎನ್ನಲಾದೀತೇ ಎಂಬ ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿ. ಅದಕ್ಕೆ ಉತ್ತರ ಸ್ವೀಡನ್ನಿನ ಟಿ. ಥುನ್‌ಬೆರ್ಗ್ 1896ರಲ್ಲಿ ವಿವರಿಸಿದ ಭ್ರಮೆಯಲ್ಲಿದೆ. ಸುಮಾರು 20 ಡಿಗ್ರಿಯ ತಂಪು ಸರಳುಗಳನ್ನೂ 40 ಡಿಗ್ರಿಯ ಬೆಚ್ಚನೆಯ ಸರಳುಗಳನ್ನೂ ಒಂದು ಬಿಟ್ಟು ಒಂದರಂತೆ ಜೋಡಿಸಿ ಅಂಗೈ ಇಟ್ಟರೆ, ಹಲವರಿಗೆ ಸುಟ್ಟಂತೆ ಉರಿಯುತ್ತದೆ. ಬಿಡಿಬಿಡಿಯಾಗಿ ಮುಟ್ಟಿದರೆ ಯಾವುದೂ ನೋಯಿಸದು, ಚರ್ಮಕ್ಕೆ ಗಾಯವೂ ಆಗದು. ಎಂದಮೇಲೆ ಆ ನೋವು ಹುಟ್ಟಿದ್ದು ಬಿಸಿ-ತಂಪುಗಳನ್ನು ಕೂಡಿಸಿ ಕಳೆಯುವ ನರಮಂಡಲದ ಒಳಲೆಕ್ಕದಲ್ಲಿ.

ಎಲ್ಲಕ್ಕಿಂತ ಬಲವಾದ ಸಾಕ್ಷಿ ಬಂದದ್ದು ಒಂದು ಸೋಲಿನಿಂದ. ಟಿಆರ್‌ಪಿವಿ1 ಬಾಗಿಲಿಗೆ ಬೀಗ ಜಡಿದರೆ ನೋವು ಅಡಗೀತೆಂದು ಔಷಧ ತಯಾರಕರು ಲೆಕ್ಕ ಹಾಕಿದ್ದರು. ಅಂಥ ಒಂದು ಔಷಧ ಸೇವಿಸಿದವರಲ್ಲಿ ಮೈಬಿಸಿ 40.2 ಡಿಗ್ರಿಯವರೆಗೂ ಏರಿದ್ದು 2008ರಲ್ಲಿ ವರದಿಯಾಯಿತು, ಪ್ರಯೋಗ ನಿಂತಿತು. ನೋವಿಲ್ಲದ ಹೊತ್ತಿನಲ್ಲೂ ಆ ಬಾಗಿಲಿನಿಂದ ಸಣ್ಣ ಸಂಕೇತವೊಂದು ಹೋಗುತ್ತಲೇ ಇದ್ದು, ಮೈ ಅತಿಯಾಗಿ ಬಿಸಿಯೇರದಂತೆ ತಡೆಯುತ್ತದೆ ಎಂಬುದನ್ನು ಇಲಿಗಳ ಮೇಲಿನ ಪ್ರಯೋಗಗಳೂ ಸೂಚಿಸಿವೆ. ಮೆಣಸು ತಿಂದಾಗ ಬೆವರುವುದು ಇದರದ್ದೇ ಇನ್ನೊಂದು ಮುಖ: ಬಾಗಿಲು ತೆರೆದರೆ ಮೈ ತಂಪಿಗೆ ಹೊರಡುತ್ತದೆ, ಮುಚ್ಚಿದರೆ ಬಿಸಿಯತ್ತ ಜಾರುತ್ತದೆ. ಈಗ ಸಂಶೋಧಕರು ಹುಡುಕುತ್ತಿರುವುದು ಬಾಗಿಲನ್ನು ಅರ್ಧ ಮಾತ್ರ ಮುಚ್ಚುವ, ನೋವಿನ ಸುದ್ದಿಯನ್ನಷ್ಟೇ ತಡೆದು ಮೈಬಿಸಿಯ ಲೆಕ್ಕ ಕೆಡಿಸದ ಅಣುವನ್ನು. ಹೊಸ ನೋವು ನಿವಾರಕದ ಪರೀಕ್ಷೆಗೆ ಹೊರಟವರ ಕೈಯಲ್ಲಿ ಈಗ ಥರ್ಮಾಮೀಟರೂ ಇರಲೇಬೇಕು.