ಸತ್ತವರ ರಾತ್ರಿ: ಅಲ್ಪವ್ಯಯದ ಒಂದು ಭಯಾನಕ ಚಲಚ್ಚಿತ್ರದ ಚಿರಾಯುಸ್ಸು

ಕಲಾಕೃತಿಯ ಆಯುಸ್ಸು ಅದಕ್ಕೆ ತಗುಲಿದ ವೆಚ್ಚವನ್ನು ಅನುಸರಿಸಿ ನಡೆಯುವುದಿಲ್ಲ. ಕಾವ್ಯದ ವಿಷಯದಲ್ಲಿ ಇದನ್ನು ಯಾರಿಗೂ ಹೇಳಬೇಕಾಗಿಲ್ಲ. ಓಲೆಗರಿಗೂ ಕಂಠಕ್ಕೂ ಬೆಲೆಯೆಷ್ಟು? ಆದರೆ ಚಲಚ್ಚಿತ್ರವು ಯಂತ್ರಗಳನ್ನೂ ಬಹುಜನರ ದುಡಿಮೆಯನ್ನೂ ಬೇಡುವ ಕಲೆ. ಇಲ್ಲಿ ಬಡತನವು ಕೃತಿಯನ್ನು ಹುಟ್ಟುವಾಗಲೇ ಕೊಲ್ಲುವುದು ಸಾಮಾನ್ಯ. ಹೀಗಿರಲು, ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಪಿಟ್ಸ್‌ಬರ್ಗ್ ನಗರದ ಕೆಲವು ತರುಣರು ಸುಮಾರು ೧,೧೪,೦೦೦ ಡಾಲರುಗಳಲ್ಲಿ ಮಾಡಿ ಮುಗಿಸಿ ೧೯೬೮ರ ಅಕ್ಟೋಬರಿನಲ್ಲಿ ತೆರೆಗೆ ತಂದ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಎಂಬ ಕಪ್ಪುಬಿಳುಪಿನ ಚಿತ್ರವು ಅರ್ಧ ಶತಮಾನವನ್ನು ಮೀರಿಯೂ ಪ್ರೇಕ್ಷಕರನ್ನು ಕಳೆದುಕೊಳ್ಳದೆ ಇರುವುದು ವಿಚಾರಾರ್ಹವಾದ ಸಂಗತಿಯಾಗಿದೆ. ಈ ಆಕರ್ಷಣೆಗೆ ಮೂರು ಕಾರಣಗಳನ್ನು ಹೇಳಬಹುದು: ಬಡತನದಿಂದ ಬಂದ ಸಹಜತೆ, ಕಾಯಿದೆಯ ಒಂದು ತೊಡಕಿನಿಂದ ಬಂದ ಪ್ರಸಾರ, ಮತ್ತು ಕಥೆಯ ಮುಕ್ತಾಯ. ಈ ಮೂರನ್ನೂ ತೂಗಿ ನೋಡುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಕಥೆಯನ್ನು ಸಂಗ್ರಹವಾಗಿ ಹೇಳಬೇಕು. ಬಾರ್ಬರಾ ಎಂಬ ತರುಣಿಯೂ ಅವಳ ಸೋದರನೂ ತಂದೆಯ ಸಮಾಧಿಗೆ ಹೂಚಕ್ರವನ್ನಿಡಲು ದೂರದ ಹಳ್ಳಿಯೊಂದರ ಸ್ಮಶಾನಕ್ಕೆ ಬರುತ್ತಾರೆ. ಅಲ್ಲಿ ತೂರಾಡುತ್ತ ಬಂದ ಅಪರಿಚಿತನೊಬ್ಬನು ಅವಳ ಮೇಲೆ ಬೀಳುತ್ತಾನೆ; ಬಿಡಿಸಹೋದ ಸೋದರನು ಕಲ್ಲಿಗೆ ತಲೆ ಬಡಿದು ಬೀಳುತ್ತಾನೆ. ಓಡಿದ ಬಾರ್ಬರಾ ಹೊಲಗಳ ನಡುವಣ ಒಂಟಿಮನೆಯೊಂದನ್ನು ಹೊಗುತ್ತಾಳೆ. ಆಫ್ರಿಕಾ ಮೂಲದವನಾದ ಬೆನ್ ಎಂಬ ಧೀರನು ಅಲ್ಲಿಗೆ ಬಂದು, ಬಾಗಿಲು ಕಿಟಕಿಗಳಿಗೆ ಹಲಗೆಗಳನ್ನು ಬಡಿದು ಮನೆಯನ್ನು ಭದ್ರಪಡಿಸುತ್ತಾನೆ. ನೆಲಮಾಳಿಗೆಯಲ್ಲಿ ಅಡಗಿದ್ದ ಕೂಪರ್ ದಂಪತಿಗಳೂ, ಗಾಯಗೊಂಡ ಅವರ ಮಗಳೂ, ಬೇರೆ ಇಬ್ಬರು ಪ್ರಣಯಿಗಳೂ ಹೊರಬರುತ್ತಾರೆ. ಸತ್ತವರು ಎದ್ದು ಬದುಕಿರುವವರನ್ನು ತಿನ್ನುತ್ತಿರುವರೆಂದು ರೇಡಿಯೋದಿಂದಲೂ ದೂರದರ್ಶನದಿಂದಲೂ ತಿಳಿಯುತ್ತದೆ. ಶುಕ್ರಗ್ರಹದಿಂದ ಮರಳಿದ ಯಂತ್ರವೊಂದರ ವಿಕಿರಣವು ಇದಕ್ಕೆ ಕಾರಣವಿರಬಹುದೆಂಬ ಊಹೆಯೊಂದು ಕೇಳಿಬರುತ್ತದಾದರೂ ಕಾರಣವು ಕೊನೆಯವರೆಗೂ ನಿಶ್ಚಯವಾಗುವುದಿಲ್ಲ.

ನಮ್ಮ ಕಥೆಗಳ ಬೇತಾಳನೂ ಹೆಣದೊಳಗೆ ಹೊಕ್ಕವನೇ. ಆದರೆ ಅವನು ಮಾತನಾಡುತ್ತಾನೆ, ಒಗಟನ್ನೊಡ್ಡುತ್ತಾನೆ. ವಿವೇಕಿಗೆ ಅವನಿಂದ ಪಾರಾಗುವ ಮಾರ್ಗವಿದೆ. ಈ ಚಿತ್ರದ ಹೆಣಗಳಿಗೆ ಮಾತೂ ಇಲ್ಲ, ದ್ವೇಷವೂ ಇಲ್ಲ, ಹಸಿವು ಮಾತ್ರವಿದೆ. ಮಾತನಾಡುವ ಕಾರ್ಯವೆಲ್ಲ ಮನೆಯೊಳಗಿನವರಿಗೆ ಉಳಿಯುತ್ತದೆ. ಅವರಾದರೋ ಆ ಮಾತನ್ನು ಜಗಳಕ್ಕೆ ಉಪಯೋಗಿಸುತ್ತಾರೆ. ಮೇಲಿದ್ದು ಕಾದಬೇಕೆಂದು ಬೆನ್ ಹೇಳಿದರೆ, ನೆಲಮಾಳಿಗೆಯಲ್ಲಿ ಅಡಗಬೇಕೆಂದು ಕೂಪರನು ಹಟ ಹಿಡಿಯುತ್ತಾನೆ. ಹೊರಗಿನ ಶತ್ರುವಿಗಿಂತ ಒಳಗಿನ ಅವಿಶ್ವಾಸವೇ ಹೆಚ್ಚು ಕೆಡುಕನ್ನು ಮಾಡುವುದೆಂಬುದು ಇಡೀ ಕಥೆಯ ನಡೆ.

ಇನ್ನು ಬಡತನದ ವಿಚಾರ. ನಿರ್ದೇಶಕನಾದ ಜಾರ್ಜ್ ರೊಮೆರೊ ಮತ್ತು ಅವನ ಗೆಳೆಯರು ಜಾಹೀರಾತುಗಳನ್ನೂ ಸಣ್ಣ ಚಿತ್ರಗಳನ್ನೂ ಮಾಡಿ ಜೀವಿಸುತ್ತಿದ್ದವರು. ಹತ್ತು ಮಂದಿ ತಲಾ ೬೦೦ ಡಾಲರುಗಳನ್ನು ಹಾಕಿ ೬,೦೦೦ ಡಾಲರುಗಳ ಮೂಲಧನದಿಂದ ಕೆಲಸವನ್ನಾರಂಭಿಸಿದರು. ಉಳಿದುದನ್ನು ತರುವಾಯ ಕೂಡಿಸಿಕೊಂಡರು. ಕೆಡವಲು ಗೊತ್ತುಮಾಡಿದ್ದ ಹಳೆಯ ಮನೆಯೊಂದು ರಂಗಸ್ಥಳವಾಯಿತು. ಹಣ ಹೂಡಿದವರೇ ವೇಷ ತೊಟ್ಟರು: ಕೂಪರನ ಪಾತ್ರವನ್ನು ವಹಿಸಿದ ಕಾರ್ಲ್ ಹಾರ್ಡ್‌ಮನ್ ನಿರ್ಮಾಪಕರಲ್ಲೊಬ್ಬನು, ಚಿತ್ರದಲ್ಲಿ ಅವನ ಮಗಳಾಗಿ ನಟಿಸಿದ ಬಾಲಿಕೆ ಅವನ ನಿಜವಾದ ಮಗಳು. ರಕ್ತಕ್ಕೆ ಬದಲಾಗಿ ಚಾಕೊಲೇಟಿನ ಪಾಕವನ್ನು ಬಳಸಿದರು. ಕಪ್ಪುಬಿಳುಪಿನಲ್ಲಿ ಎರಡಕ್ಕೂ ಭೇದ ಕಾಣುವಂತಿರಲಿಲ್ಲ. ಸಂಗೀತವನ್ನು ಹೊಸದಾಗಿ ರಚಿಸದೆ ಸಿದ್ಧಸಂಗ್ರಹಗಳಿಂದ ಆರಿಸಿಕೊಂಡರು.

ಈ ಕೊರತೆಗಳು ಗುಣಗಳಾಗಿ ಪರಿಣಮಿಸಿದುವೆಂಬುದರಲ್ಲಿ ಸಂದೇಹವಿಲ್ಲ. ಪರಿಚಿತ ನಟರಿದ್ದಲ್ಲಿ ಯಾರು ಉಳಿಯುವರೆಂಬುದನ್ನು ಪ್ರೇಕ್ಷಕನು ಮುಂದಾಗಿಯೇ ಊಹಿಸುತ್ತಾನೆ. ಇಲ್ಲಿ ಅಂತಹ ಊಹೆಗೆ ಅವಕಾಶವಿಲ್ಲ. ವರ್ಣವಿಲ್ಲದ ಒರಟು ಛಾಯೆಯು ಆ ಕಾಲದ ವಾರ್ತಾಚಿತ್ರಗಳನ್ನು ಹೋಲುವುದರಿಂದ ಅಸಂಭವವಾದುದೂ ಸಂಭವಿಸಿದಂತೆ ತೋರುತ್ತದೆ. ಮನೆ ಒಂದೇ ಆದುದರಿಂದ ಭಯವು ಹಂಚಿಹೋಗದೆ ಒಂದೆಡೆ ಮಡುಗಟ್ಟಿ ನಿಲ್ಲುತ್ತದೆ. ಆದರೆ ಬಡತನವೊಂದೇ ಕಾರಣವಾಗಿದ್ದರೆ ಅಲ್ಪವ್ಯಯದ ಚಿತ್ರಗಳೆಲ್ಲವೂ ಬಾಳಬೇಕಾಗಿತ್ತು. ಅವುಗಳಲ್ಲಿ ಬಹುಭಾಗವು ಒಂದೆರಡು ವಾರ ಓಡಿ ಮರೆಯಾದುವು. ಆದಕಾರಣ ಬಡತನವು ಚಿತ್ರಕ್ಕೆ ಆಕಾರವನ್ನು ಕೊಟ್ಟಿತೆನ್ನಬಹುದೇ ಹೊರತು ಆಯುಸ್ಸನ್ನು ಕೊಟ್ಟಿತೆನ್ನಲಾಗದು.

ಎರಡನೆಯ ಕಾರಣವು ವಿಚಿತ್ರವಾದುದು. ಅಮೆರಿಕಾದ ೧೯೦೯ರ ಕಾಯಿದೆಯಂತೆ, ಪ್ರಕಟವಾದ ಪ್ರತಿಗಳ ಮೇಲೆ ಕೃತಿಸ್ವಾಮ್ಯದ ಸೂಚನೆಯು ಇರದಿದ್ದರೆ ಕರ್ತೃವಿನ ಹಕ್ಕು ನಷ್ಟವಾಗುತ್ತಿತ್ತು. ಈ ಚಿತ್ರಕ್ಕೆ ಮೊದಲಿಟ್ಟ ಹೆಸರು ‘ನೈಟ್ ಆಫ್ ದಿ ಫ್ಲೆಷ್ ಈಟರ್ಸ್’ ಎಂದು. ಸೂಚನೆಯು ಆ ಹೆಸರಿನ ಫಲಕದ ಮೇಲೆಯೇ ಇದ್ದಿತು. ಹಂಚಿಕೆದಾರರು ಹೆಸರನ್ನು ಬದಲಿಸಿದಾಗ ಹಳೆಯ ಫಲಕದೊಡನೆ ಸೂಚನೆಯೂ ಹೋಯಿತು; ಹೊಸ ಫಲಕದಲ್ಲಿ ಅದನ್ನು ಬರೆಯಲಿಲ್ಲ. ಒಂದೇ ಸಾಲಿನ ಲೋಪದಿಂದ ಚಿತ್ರವು ಸಾರ್ವಜನಿಕ ಸ್ವತ್ತಾಯಿತು. ದೂರದರ್ಶನ ಕೇಂದ್ರಗಳೂ, ಅರ್ಧರಾತ್ರಿಯ ಪ್ರದರ್ಶನಗಳನ್ನು ನಡೆಸುವ ಚಿತ್ರಮಂದಿರಗಳೂ, ಮುಂದೆ ವೀಡಿಯೋ ಸುರುಳಿಗಳ ವ್ಯಾಪಾರಿಗಳೂ ಯಾರ ಅಪ್ಪಣೆಯೂ ಇಲ್ಲದೆ ಇದನ್ನು ಹರಡಿದರು. ಚಿತ್ರವು ಗಳಿಸಿದ ಲಕ್ಷಾಂತರ ಡಾಲರುಗಳಲ್ಲಿ ಮಾಡಿದವರ ಕೈಸೇರಿದುದು ಅತ್ಯಲ್ಪ. ಇಂತಹ ಸೂಚನೆಯು ಅವಶ್ಯವೆಂಬ ನಿಯಮವು ೧೯೮೯ರಲ್ಲಿ ಆ ದೇಶದಲ್ಲಿ ರದ್ದಾಯಿತು. ಆದರೆ ಈ ಚಿತ್ರದ ಮಟ್ಟಿಗೆ ಅದು ತಡವಾಗಿ ಬಂದ ನ್ಯಾಯ.

ಒಡೆಯನಿಲ್ಲದ ಕೃತಿಯು ಎಲ್ಲರ ಕೃತಿಯಾಯಿತೆಂದು ಹೇಳುವುದು ಸುಲಭ. ಆದರೆ ಅದರ ಬೆಲೆಯನ್ನು ತೆತ್ತವರು ಯಾರೆಂಬುದನ್ನು ಮರೆಯಲಾಗದು. ಅಲ್ಲದೆ, ಸುಲಭವಾಗಿ ದೊರೆಯುವುದೆಲ್ಲವನ್ನೂ ಜನರು ಮತ್ತೆ ಮತ್ತೆ ನೋಡುವುದಿಲ್ಲ. ಕಾಯಿದೆಯ ಲೋಪವು ಚಿತ್ರವನ್ನು ಮನೆಬಾಗಿಲಿಗೆ ಒಯ್ದಿತು. ಬಾಗಿಲನ್ನು ತೆರೆಯಿಸಿದುದು ಬೇರೆಯೇ ಒಂದು ಶಕ್ತಿ.

ಆ ಶಕ್ತಿಯು ಮುಕ್ತಾಯದಲ್ಲಿದೆ. ತಪ್ಪಿಸಿಕೊಳ್ಳುವ ಯತ್ನದಲ್ಲಿ ಪ್ರಣಯಿಗಳಿಬ್ಬರೂ ಬೆಂಕಿಯಲ್ಲಿ ಸಾಯುತ್ತಾರೆ. ಜಗಳವು ಬೆಳೆದು ಕೂಪರನು ಬೆನ್ನನ ಗುಂಡಿಗೆ ಬೀಳುತ್ತಾನೆ. ಸತ್ತ ಬಾಲಿಕೆಯು ಎದ್ದು ತಾಯಿಯನ್ನು ಕೊಲ್ಲುತ್ತಾಳೆ. ಬಾರ್ಬರಾಳನ್ನು ಹೊರಕ್ಕೆಳೆಯುವ ಗುಂಪಿನಲ್ಲಿ ಅವಳ ಸೋದರನೇ ಇರುತ್ತಾನೆ. ಒಬ್ಬನೇ ಉಳಿದ ಬೆನ್, ತಾನು ಬೇಡವೆಂದ ಆ ನೆಲಮಾಳಿಗೆಯಲ್ಲಿಯೇ ಅಡಗಿ ರಾತ್ರಿಯನ್ನು ಕಳೆಯುತ್ತಾನೆ. ಬೆಳಗಾಗುತ್ತದೆ, ಷೆರಿಫನೂ ಬಂದೂಕು ಹಿಡಿದ ಜನರೂ ಬರುತ್ತಾರೆ, ಕಿಟಕಿಯ ಬಳಿ ಬಂದ ಬೆನ್ನನನ್ನು ಹೆಣವೆಂದು ಭಾವಿಸಿ ಹಣೆಗೆ ಗುಂಡಿಕ್ಕುತ್ತಾರೆ. ಅವನ ದೇಹವನ್ನು ಕೊಕ್ಕೆಗಳಿಂದ ಎತ್ತಿ ಸೌದೆಯ ರಾಶಿಗೆ ಹಾಕುವುದನ್ನು ಪತ್ರಿಕೆಯ ಛಾಯಾಚಿತ್ರಗಳಂತಹ ನಿಶ್ಚಲ ಚಿತ್ರಗಳು ತೋರಿಸುತ್ತವೆ.

ನಮ್ಮ ಲಾಕ್ಷಣಿಕರು ಲೋಕದ ಭಯವನ್ನೂ ಭಯಾನಕರಸವನ್ನೂ ಬೇರ್ಪಡಿಸಿದರು. ಲೋಕದ ಭಯದಿಂದ ಓಡುವೆವು, ರಸವನ್ನು ಆಸ್ವಾದಿಸುವೆವು. ಆಸ್ವಾದಕ್ಕೆ ತಾನು ಕ್ಷೇಮವಾಗಿರುವೆನೆಂಬ ನೆಮ್ಮದಿ ಅವಶ್ಯ. ಸಾಮಾನ್ಯವಾದ ಭಯಾನಕ ಚಿತ್ರಗಳು ಸೂರ್ಯೋದಯದೊಡನೆ ಪಿಶಾಚವನ್ನು ಅಳಿಸಿ ಆ ನೆಮ್ಮದಿಯನ್ನು ಹಿಂದಿರುಗಿಸುತ್ತವೆ. ಈ ಚಿತ್ರದಲ್ಲಿ ಸೂರ್ಯೋದಯವೇ ಕೊಲೆಗಾರ. ೧೯೬೯ರಲ್ಲಿ ವಿಮರ್ಶಕ ರೋಜರ್ ಈಬರ್ಟ್, ಮಕ್ಕಳು ತುಂಬಿದ್ದ ಒಂದು ಹಗಲಿನ ಪ್ರದರ್ಶನವನ್ನು ಕಂಡು ಬರೆದನು: ಮೊದಲು ಸಂತೋಷದಿಂದ ಚೀರಿ ನಲಿಯುತ್ತಿದ್ದ ಮಕ್ಕಳು ಬರಬರುತ್ತ ಮೌನವಾದರು, ಕೆಲವರು ಅತ್ತರು. ಆಟದ ಭಯವನ್ನು ಅರಸಿ ಬಂದವರಿಗೆ ಆಟವಲ್ಲದ ಭಯವು ಎದುರಾದುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯವು ಬೇಕಿಲ್ಲ.

ಬೆನ್ನನ ಪಾತ್ರವನ್ನು ಇಂತಹ ಜನಾಂಗದವನೆಂದು ಮೊದಲು ಬರೆದಿರಲಿಲ್ಲ. ಪರೀಕ್ಷಿಸಿದವರಲ್ಲಿ ಡ್ವೇನ್ ಜೋನ್ಸ್ ಎಲ್ಲರಿಗಿಂತ ಮೇಲಾಗಿದ್ದುದರಿಂದ ಅವನನ್ನು ಆರಿಸಿದೆವೆಂದು ರೊಮೆರೊ ಹೇಳುತ್ತಿದ್ದನು. ಒರಟು ಮಾತಿನ ಲಾರಿಚಾಲಕನಾಗಿದ್ದ ಪಾತ್ರಕ್ಕೆ ಗಂಭೀರವಾದ ನುಡಿಯನ್ನು ಕೊಟ್ಟವನು ಜೋನ್ಸನೇ. ಚಿತ್ರೀಕರಣವು ನಡೆದುದು ೧೯೬೭ರಲ್ಲಿ. ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದುದು ೧೯೬೮ರ ಏಪ್ರಿಲ್ ೪ರಂದು. ಅದೇ ವರ್ಷ ಚಿತ್ರವನ್ನು ನೋಡಿದ ಅಮೆರಿಕನ್ನರಿಗೆ, ಬಿಳಿಯರ ಗುಂಡಿಗೆ ಬಲಿಯಾದ ಆ ಕಪ್ಪುವರ್ಣದವನ ದೇಹವು ಕಟ್ಟುಕಥೆಯಾಗಿ ಮಾತ್ರ ಕಂಡಿರಲಾರದು. ಕರ್ತೃಗಳು ಉದ್ದೇಶಿಸದ ಅರ್ಥವನ್ನು ಕಾಲವು ತುಂಬಿತು; ಆದರೆ ತುಂಬಲು ಸ್ಥಳವನ್ನು ಬಿಟ್ಟಿದ್ದುದು ಆ ನಿಷ್ಠುರವಾದ ಮುಕ್ತಾಯ.

ಇಲ್ಲಿಯೇ ನಮ್ಮ ನಿರ್ಣಯವು ನಿಂತಿದೆ. ಕೊನೆಯನ್ನು ಮಂಗಳಕರವಾಗಿ ಬದಲಿಸಿದರೆ ಚಿತ್ರವನ್ನು ಕೊಳ್ಳುವೆವೆಂದು ಹಂಚಿಕೆಯ ಸಂಸ್ಥೆಯೊಂದು ಹೇಳಿದಾಗ ತಾವು ಒಪ್ಪಲಿಲ್ಲವೆಂದು ನಿರ್ಮಾಪಕರು ತಿಳಿಸಿರುವರು. ಹಣದ ಅವಶ್ಯಕತೆ ಅವರಿಗಿಂತ ಹೆಚ್ಚಾಗಿ ಯಾರಿಗಿದ್ದೀತು? ಮನೆ, ನಟರು, ಛಾಯೆ ಮೊದಲಾದುವನ್ನು ಬಡತನವೇ ಆರಿಸಿತು. ಒಡೆತನವನ್ನು ಕಾಯಿದೆಯು ಕಸಿದುಕೊಂಡಿತು. ಆದರೆ ಕೊನೆಯನ್ನು ಮಾತ್ರ ಅವರೇ ಆರಿಸಿದರು. ನಷ್ಟವನ್ನು ಅರಿತೇ ಉಳಿಸಿಕೊಂಡರು. ಕಾಂಗ್ರೆಸ್ ಗ್ರಂಥಾಲಯವು ೧೯೯೯ರಲ್ಲಿ ಸಂರಕ್ಷಣೀಯವೆಂದು ಪಟ್ಟಿಯಲ್ಲಿ ಸೇರಿಸಿದುದೂ, ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವು ೨೦೧೬ರಲ್ಲಿ ಮೂಲ ಋಣಪ್ರತಿಯಿಂದ ಜೀರ್ಣೋದ್ಧಾರ ಮಾಡಿಸಿ ಪ್ರದರ್ಶಿಸಿದುದೂ ಆ ಕೊನೆಯನ್ನೇ. ಅದರ ಮರುವರ್ಷ ರೊಮೆರೊ ತೀರಿಕೊಂಡನು. ಬೆಳಗಾದ ಮೇಲೂ ಮನೆಯಿಂದ ಹೊರಬರಲು ಅಂಜುವಂತೆ ಮಾಡುವ ಆ ಕಿಟಕಿಯ ದೃಶ್ಯವು, ಮಾಡಿದವರಿಗೆ ಕೈತುಂಬ ಏನನ್ನೂ ಕೊಡದಿದ್ದರೂ, ಇಂದಿಗೂ ನೋಡುವವನನ್ನು ಬಿಡದೆ ಹಿಡಿದಿದೆ.